ಸೋದರಮಾವ ಕೂತರೆ ಸುಮ್ಮನಾಗುವ ಕಾರು

"ಬಂತು. ಕೇಳಿತಾ ನಿಮಗೆ?"

ನಡುಸೀಟಿನಲ್ಲಿದ್ದ ಸ್ನೇಹಲತಾ ಮುಂದಕ್ಕೆ ಬಾಗಿ ಹೇಮಾಕ್ಷಿಯ ಹೆಗಲು ಹಿಡಿದುಕೊಂಡರು.

ಕೇಳಿತ್ತು. ಕುಲಶೇಖರದ ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಿದ ಕೂಡಲೇ ಒಳಗೆಲ್ಲೋ 'ಟಕ್' ಎಂದಿತು. ಅದರ ಬೆನ್ನಿಗೇ ಕಿಣಿ ಕಿಣಿ ಎಂದು ಸಣ್ಣದೊಂದು ದನಿ. ರೆಕ್ಕೆ ಬಾರದ ಹಕ್ಕಿಮರಿ ಗೋಡೆಯೊಳಗೆ ಸಿಕ್ಕಿಬಿದ್ದು ಕೂಗಿದ ಹಾಗಿತ್ತು. ಮೂರು ನಾಲ್ಕು ಸಲ ಕೂಗಿ ನಿಂತಿತು.

ಕಾರು ಓಡಿಸುತ್ತಿದ್ದ ಗ್ಯಾರೇಜಿನ ರುಡೊಲ್ಫ್ ಒಂದು ಕೈ ಬಿಟ್ಟು ಎದೆಯ ಮೇಲೆ ಶಿಲುಬೆ ಎಳೆದುಕೊಂಡ.

"ಎರಡು ಕೈಯಲ್ಲಿ ಹಿಡಿ ಮಾರಾಯ. ಇಲ್ಲದಿದ್ರೆ ನಾವು ಮೂವರೂ ಇದರೊಳಗಿಂದ ಕೂಗ್ಲಿಕ್ಕುಂಟು," ಎಂದಳು ಹೇಮಾಕ್ಷಿ.

ಮಾತು ಧೈರ್ಯದ್ದೇ. ಆದರೆ ಅವಳ ಮೈ ಜುಮ್ಮೆಂದದ್ದೂ ಸುಳ್ಳಲ್ಲ. ಪೊಲೀಸ್ ಇಲಾಖೆಯಲ್ಲಿ ತಲೆ ನರೆಯುವ ತನಕ ದುಡಿದು, ಈಗ ಬಲ್ಮಠದ ಒಂದು ಕೋಣೆಯಲ್ಲಿ ಬೋರ್ಡು ಹಾಕಿಕೊಂಡು ಜನರ ಗುಟ್ಟು ಹುಡುಕಿಕೊಡುವ ಹೆಂಗಸು ಅವಳು. ಹಾಗೆಂದು ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಮನೆಯಲ್ಲಿ ಹುಟ್ಟಿ ಬೆಳೆದದ್ದು ಖಾಕಿ ತೊಟ್ಟ ಮಾತ್ರಕ್ಕೆ ಮರೆತುಹೋಗುತ್ತದೆಯೇ?

ದೀಪಾವಳಿ ಕಳೆದ ಮೇಲೆ ಒಂದು ದಿನ ಸ್ನೇಹಲತಾರ ಒಬ್ಬನೇ ಮಗ ಶೋಭಿತ್ ವಾಮಂಜೂರಿನ ಆಚೆ, ಪಾಳುಬಿದ್ದ ಕೆಂಪುಕಲ್ಲಿನ ಕೋರೆಯ ನೀರಿನಲ್ಲಿ ಹೆಣವಾಗಿ ಸಿಕ್ಕಿದ್ದ. ಈ ಕಾರು ಕೋರೆಯ ದಂಡೆಯಲ್ಲಿ ನಿಂತಿತ್ತು. ಕೀ ಒಳಗೇ ಇತ್ತು, ಫೋನ್ ಮಾತ್ರ ಸಿಗಲಿಲ್ಲ. ಅದು ಕೋರೆಯ ಕೆಸರಿನಲ್ಲಿ ಹೂತಿರಬೇಕೆಂದು ಎಲ್ಲರೂ ಒಪ್ಪಿಕೊಂಡರು. ಕಾಲು ಜಾರಿ ಬಿದ್ದದ್ದು ಎಂದು ಕಾಗದದಲ್ಲಿ ಬರೆದಾಯಿತು. ಊರು ಮಾತ್ರ, ಹಾರಿದ್ದಾನೆ ಎಂದಿತು.

ಉತ್ತರಕ್ರಿಯೆಯ ಬೊಜ್ಜ ಕಳೆದು ಕಾರು ಮತ್ತೆ ರಸ್ತೆಗಿಳಿದ ದಿನದಿಂದ ಈ ಸದ್ದು.

"ನಾಳೆ ಸಂಕ್ರಮಣ," ಎಂದರು ಸ್ನೇಹಲತಾ. "ಆಟಿ ಮುಗೀತದೆ. ಬೆಳಿಗ್ಗೆಯೇ ಇವರು ಕಾರನ್ನು ತೊಕ್ಕೊಟ್ಟಿನ ಗುಜರಿಗೆ ಕೊಡ್ತಾರೆ. ಆಟಿಯಲ್ಲಿ ಕೊಟ್ಟು ತೆಗೆದು ಮಾಡ್ಲಿಕ್ಕಿಲ್ಲ ಅಂತ ನಾನೇ ಇಷ್ಟು ದಿನ ತಡೆದದ್ದು. ಇನ್ನು ತಡೀಲಿಕ್ಕೆ ನನ್ನ ಹತ್ತಿರ ಎಂತದೂ ಇಲ್ಲ."

"ಗುಜರಿಗಾ!" ರುಡೊಲ್ಫ್‌ಗೆ ಹೊಟ್ಟೆಯುರಿದುಹೋಯಿತು. "ಇಷ್ಟು ಹೊಸ ಗಾಡಿ. ಇನ್ನೂ ಸೀಟಿನ ವಾಸನೆ ಹೋಗ್ಲಿಲ್ಲ. ಮಾರಬಹುದಲ್ಲ ಅಮ್ಮ?"

"ನಾನೂ ಕೇಳಿದೆ. ಅಪಶಕುನದ್ದು ಇನ್ನೊಬ್ಬರ ಮನೆಗೆ ಹೋಗಬಾರದು, ಒಡೆದೇ ಹಾಕಬೇಕು ಅಂತಾರೆ. ಅವ ಹೋದ ಮೇಲೆ ಇವರು ಈ ಕಾರಿಗೆ ಕಾಲಿಟ್ಟವರಲ್ಲ. ಹತ್ತಿರವೂ ಬರುದಿಲ್ಲ."

'ಇವರು' ಎಂದರೆ ಚಿತ್ತರಂಜನ ಶೆಟ್ಟರು. ಪೇಟೆಯಲ್ಲಿ ಎರಡು ಹೋಟೆಲು, ವಾಮಂಜೂರಿನಲ್ಲಿ ದೊಡ್ಡ ಮನೆ, ಮಾತು ಕಡಿಮೆ. ಹೇಮಾಕ್ಷಿ ಈಗ ಕುಳಿತಿದ್ದ ಎಡಗಡೆಯ ಮುಂದಿನ ಸೀಟು ಅವರದ್ದೇ. ಮಗ ಓಡಿಸಿದರೆ ಅಪ್ಪ ಅಲ್ಲಿ ಕೂರುವುದು ಆ ಮನೆಯ ಪದ್ಧತಿ. ಅವರ ಉದ್ದ ಕಾಲಿಗೆಂದು ಸೀಟನ್ನು ಹಿಂದಕ್ಕೆ ತಳ್ಳಿದ್ದು ಹಾಗೆಯೇ ಉಳಿದಿತ್ತು. ಆಳು ಗಿಡ್ಡಿಯಾದ ಹೇಮಾಕ್ಷಿ ಕಾಲು ಎಟುಕದ ಮಗುವಿನಂತೆ ಅದರಲ್ಲಿ ಕುಳಿತಿದ್ದಳು.

"ನನಗೆ ಒಂದೇ ಗೊತ್ತಾಗಬೇಕು ಹೇಮಾಕ್ಷಿಯವರೇ," ಸ್ನೇಹಲತಾರ ದನಿ ಸಣ್ಣದಾಯಿತು. "ಕಾರು ಹೋಗುವ ಮೊದಲು. ಇದು ನನ್ನ ಮಗನಾ ಅಲ್ವಾ? ಮಗನಾದ್ರೆ ಎಂತ ಹೇಳ್ತಿದ್ದಾನೆ? ಅವ ಹಾರಿದವ ಅಲ್ಲ. ಅದೊಂದು ಮಾತು ಅವನ ಬಾಯಿಂದ ಬಂದ್ರೆ ಸಾಕು, ಆಮೇಲೆ ಕಾರು ಎಲ್ಲಿಗಾದ್ರೂ ಹೋಗಲಿ."

ತಾಯಿ ಕೇಳಿದ್ದು ಇಷ್ಟೇ. ಇಷ್ಟನ್ನು ಯಾವ ಠಾಣೆಯಲ್ಲೂ ಯಾರೂ ಬರೆದುಕೊಳ್ಳುವುದಿಲ್ಲ.

*

ಗ್ಯಾರೇಜು ಬಲ್ಮಠದ ಇಳಿಜಾರಿನಲ್ಲಿ, ಇಗರ್ಜಿಯ ಕಾಂಪೌಂಡಿಗೆ ತಾಗಿಕೊಂಡಿತ್ತು. ಮಳೆ ಬಿಟ್ಟ ಮಧ್ಯಾಹ್ನ. ಶೀಟಿನ ಮಾಡಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನಾನು ಮಾಡದ್ದು ಎಂತದೂ ಬಾಕಿ ಇಲ್ಲ ಮೇಡಂ," ರುಡೊಲ್ಫ್ ಕೈ ಚೆಲ್ಲಿದ. "ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. ಬುಷ್ ಬದಲಾಯಿಸಿದೆ. ಸ್ಟೆಪ್ನಿ, ಜಾಕು, ಸ್ಪ್ಯಾನರು ಎಲ್ಲ ಹೊರಗೆ ತೆಗೆದು ಓಡಿಸಿ ನೋಡಿದೆ. ಅಡಿಯಿಂದ ಬರುವ ಶಬ್ದ ಆದ್ರೆ ನನಗೆ ಸಿಕ್ತಿತ್ತು. ಇದು ಅಡಿಯಿಂದ ಅಲ್ಲ, ಆಚೆಯಿಂದ." ಆಚೆ ಎಂದರೆ ಎಲ್ಲಿ ಎಂದು ಅವನು ಹೇಳಲಿಲ್ಲ, ಕಣ್ಣು ಮಾತ್ರ ಇಗರ್ಜಿಯ ಸ್ಮಶಾನದ ಕಡೆ ಹೋಯಿತು.

"ಒಳಗಿನ ಪ್ಯಾನೆಲ್ ಬಿಚ್ಚಿದೆಯಾ?"

"ಬಿಚ್ಚುವ ಅಂತ ಹೋದೆ. ಜಯಪಾಲಣ್ಣ ಬಿಡ್ಲಿಲ್ಲ."

ಜಯಪಾಲ ಸ್ನೇಹಲತಾರ ತಮ್ಮ, ಶೋಭಿತ್‌ನ ಸೋದರಮಾವ. ಹೇಮಾಕ್ಷಿ ಸ್ನೇಹಲತಾರ ಕಡೆ ತಿರುಗಿದಳು.

"ಸತ್ತವರ ಕುಲೆಯನ್ನು ಆಟಿಯಲ್ಲಿ ಕೆಣಕಬಾರದು ಅಂತ ಅವನ ವಾದ," ಎಂದರು ಸ್ನೇಹಲತಾ. "ಅವ ಹೇಳಿದ್ರೆ ಸರಿಯೇ. ಸೋದರಮಾವ, ತಮ್ಮಲೆ ಅಲ್ವಾ? ನಮ್ಮಲ್ಲಿ ಅಪ್ಪನ ಮಾತಿಗಿಂತ ತಮ್ಮಲೆಯ ಮಾತು ಮೇಲೆ. ಶೋಭಿತ್ ಅವನ ಎದುರು ದನಿ ಎತ್ತಿದವನೇ ಅಲ್ಲ. ಈಗಲೂ ಹಾಗೇ."

"ಈಗಲೂ ಅಂದ್ರೆ?"

"ಜಯಪಾಲ ಕಾರಲ್ಲಿ ಕೂತ್ರೆ ಶಬ್ದವೇ ಇಲ್ಲ."

ಹೇಮಾಕ್ಷಿ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

ಮೂರು ಸಲ ಭೇಟಿಯಾಗಿದ್ದರೂ ಈ ಮಾತು ಹೊರಬಂದದ್ದು ಇಂದು. ದೊಡ್ಡ ಮನೆಯವರ ತೊಂದರೆಯೇ ಇದು. ಹೇಳಬೇಕಾದ್ದನ್ನು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡು ನುಂಗಿಬಿಡುತ್ತಾರೆ.

ಪ್ರತಿ ಭಾನುವಾರ ಜಯಪಾಲ ತೊಕ್ಕೊಟ್ಟಿನಿಂದ ಬಂದು, ಅಕ್ಕನನ್ನು ಈ ಕಾರಿನಲ್ಲೇ ಸೋಮೇಶ್ವರದ ಕಡಲಿಗೆ ಕರೆದುಕೊಂಡು ಹೋಗುತ್ತಿದ್ದ. ಶೋಭಿತ್‌ನ ಬೂದಿ ಬಿಟ್ಟ ಕಡಲು ಅದು. ಆ ದಿನ ದಾರಿಯುದ್ದಕ್ಕೂ ಕಾರು ಮೌನ. ಸೋಮವಾರ ಬೆಳಿಗ್ಗೆಯೂ ಹೆಚ್ಚಾಗಿ ಮೌನ. ಆಮೇಲೆ ಮತ್ತೆ ಕಿಣಿ ಕಿಣಿ.

"ಕುಲೆಗಳಿಗೆ ಬಡಿಸಿದ ದಿನ ಅವನ ಎಲೆಯನ್ನೂ ಹಾಕಿದೆವು," ಸ್ನೇಹಲತಾ ಹೇಳುತ್ತ ಹೋದರು. ಕೇಳುವವರು ಸಿಕ್ಕಿದ್ದೇ ಅವರಿಗೆ ದೊಡ್ಡದಾಗಿತ್ತು. "ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ ನಿಂತೆವು. ಆದ್ರೆ ನನ್ನ ಮನಸ್ಸು ಕೇಳಲಿಲ್ಲ. ಅವ ಒಳಗೆ ಬರಲೇ ಇಲ್ಲ ಅಂತ ಕಾಣ್ತಿತ್ತು. ಇನ್ನೊಂದು ಎಲೆ ತಂದು ಕಾರಿನ ಡಿಕ್ಕಿಯಲ್ಲಿ ಹಾಕಿದೆ. ಕೋಳಿ ಸುಕ್ಕ, ರೊಟ್ಟಿ, ಅವನಿಗೆ ಇಷ್ಟದ್ದು. ಡಿಕ್ಕಿಯ ಬಾಗಿಲು ಹಾಕಿ ಹೊರಗೆ ನಿಂತೆ. ಸ್ವಲ್ಪ ಬಿಟ್ಟು ಬಾಗಿಲು ತಟ್ಟಿದೆ, ಪದ್ಧತಿಯ ಹಾಗೆ. ತಟ್ಟಿದ ಕೂಡಲೇ ಒಳಗಿಂದ ಕೂಗಿದ."

ರುಡೊಲ್ಫ್ ಇನ್ನೊಂದು ಶಿಲುಬೆ ಎಳೆದುಕೊಂಡ.

ಹೇಮಾಕ್ಷಿಯ ತಲೆಯೊಳಗಿನ ಪೊಲೀಸಿನವಳು ಸುಮ್ಮನೆ ಕೂರಲಿಲ್ಲ. ಸಡಿಲವಾದ ಬೋಲ್ಟು ನಿಂತ ಕಾರಿನಲ್ಲಿ ಸದ್ದು ಮಾಡುವುದಿಲ್ಲ. ತಟ್ಟಿದಾಗ ಕೂಗಿತೆಂದರೆ, ಅಲುಗಿದರೆ ಕೂಗುವ ವಸ್ತು ಅದು. ಹಾಗೆ ಕೂಗುವಂಥದ್ದನ್ನು ಅವಳು ಎಲ್ಲೋ ಕೇಳಿದ್ದಳು. ಎಲ್ಲಿ?

"ರುಡೊಲ್ಫ್, ಬಿಚ್ಚು."

"ಜಯಪಾಲಣ್ಣ..."

"ಅವರಿಗೆ ನಾನೇ ಫೋನ್ ಮಾಡಿ ಬರಲಿಕ್ಕೆ ಹೇಳ್ತೇನೆ. ಬಂದು ಬೈಯುದಾದ್ರೆ ನನಗೇ ಬೈಯಲಿ."

*

ಹುಡುಕಿದ ಬಗೆ ಸರಳವಾದದ್ದೇ. ಸ್ನೇಹಲತಾ ಹೊರಗೆ ನಿಂತು ಕಾರನ್ನು ಮೆಲ್ಲಗೆ ಅಲುಗಿಸುವುದು, ಹೇಮಾಕ್ಷಿ ಒಳಗೆ ಒಂದೊಂದೇ ಪ್ಯಾನೆಲಿಗೆ ಕಿವಿಗೊಟ್ಟು ಅಂಗೈ ಒತ್ತಿ ಹಿಡಿಯುವುದು. ಡ್ಯಾಶ್‌ಬೋರ್ಡ್ ಅಲ್ಲ. ಬಲಗಡೆಯ ಬಾಗಿಲಲ್ಲ. ಮಾಡೂ ಅಲ್ಲ. ತಾಯಿ ಕಾರಿಗೆ ಕೈ ಹಚ್ಚಿ ತೊಟ್ಟಿಲು ತೂಗಿದ ಹಾಗೆ ತೂಗುತ್ತಿದ್ದರು. ಅದನ್ನು ನೋಡಲಾರದೆ ಹೇಮಾಕ್ಷಿ ಮುಖ ತಿರುಗಿಸಿದಳು.

ಎಡಗಡೆಯ ಮುಂದಿನ ಸೀಟಿನ ಹಿಂದೆ, ಎರಡು ಬಾಗಿಲುಗಳ ನಡುವಿನ ಕಂಬ. ಅದರ ಬುಡದಲ್ಲಿ ಸೀಟ್ ಬೆಲ್ಟ್ ಒಳಹೋಗುವ ಒಂದು ಸೀಳು. ಅಲ್ಲಿ ಅಂಗೈ ಒತ್ತಿದಾಗ, ಕಿಣಿ ಎಂದ ಸದ್ದು ಅವಳ ಎಲುಬಿನೊಳಗೇ ಕೇಳಿಸಿತು.

"ಇಲ್ಲಿ."

ರುಡೊಲ್ಫ್ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತ. ಒಳಗಿನ ಪೊಳ್ಳಿನಲ್ಲಿ ಬೆರಳಾಡಿಸಿ ಹೊರತೆಗೆದದ್ದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ವಸ್ತು. ಕಂದು ಚರ್ಮದ ಕವಚ, ಅದರೊಳಗೆ ಗುಂಡಗಿನ ಬಿಳಿ ಬಿಲ್ಲೆ. ತಿರುವಿನಲ್ಲಿ ಉರುಳಿ ತಗಡಿಗೆ ಬಡಿದು 'ಟಕ್' ಎನ್ನುತ್ತಿದ್ದದ್ದು ಅದು. ಕೂಗುತ್ತಿದ್ದದ್ದೂ ಅದೇ.

ಈಗ ನೆನಪಾಯಿತು. ತನ್ನ ಅಣ್ಣ ಬೂಬನ ಮೊಮ್ಮಗಳು ಮೋಕ್ಷಾಳ ಬ್ಯಾಗಿನಲ್ಲಿ ಇಂಥದ್ದೇ ಕೂಗಿ ಮನೆಯವರನ್ನೆಲ್ಲ ಗಾಬರಿಗೊಳಿಸಿತ್ತು.

"ಇದು ಟ್ಯಾಗ್ ಸ್ನೇಹಕ್ಕ. ಕೀಗೆ ಸಿಕ್ಕಿಸುದು. ಕೀ ಎಲ್ಲಾದ್ರೂ ಬಿಟ್ರೆ ಮೊಬೈಲ್ ನೋಡಿ ಹುಡುಕ್ಲಿಕ್ಕೆ."

ಸ್ನೇಹಲತಾ ಅದನ್ನು ಕೈಗೆ ತೆಗೆದುಕೊಂಡರು. ಅವರ ಮುಖ ಬಾಡಿತು. "ಅಂದ್ರೆ... ಬರೀ ಮಿಷನಾ? ಇಷ್ಟು ದಿನ ನಾನು ಒಂದು ಮಿಷನಿನ ಹತ್ತಿರ ಮಾತಾಡಿದ್ದಾ?"

ಹೇಮಾಕ್ಷಿ ತನ್ನ ಫೋನನ್ನು ಬಿಲ್ಲೆಗೆ ತಾಗಿಸಿದಳು. ಪರದೆಯ ಮೇಲೆ ಯಜಮಾನನ ಫೋನ್ ನಂಬರಿನ ಕೊನೆಯ ಅಂಕೆಗಳು ಮೂಡಿದವು. ಕಳೆದುಹೋದದ್ದು ಸಿಕ್ಕಿದವರಿಗೆ ಗುರುತಾಗಲಿ ಎಂದು ಮಾಡಿದ ವ್ಯವಸ್ಥೆ ಅದು.

ತಾಯಿ ಓದಿದರು. ಇನ್ನೊಮ್ಮೆ ಓದಿದರು.

"ನನ್ನ ಮಗನ ನಂಬರು," ಎಂದರು.

ಇಗರ್ಜಿಯ ಮರದಲ್ಲಿ ಕಾಗೆಯೊಂದು ಕೂಗಿತು. ರುಡೊಲ್ಫ್ ಈ ಸಲ ಶಿಲುಬೆ ಎಳೆಯಲೂ ಮರೆತ.

*

ಹೇಮಾಕ್ಷಿ ಚರ್ಮದ ಕವಚವನ್ನು ಬೆಳಕಿಗೆ ಹಿಡಿದಳು. ಕೀಗೊಂಚಲಿಗೆ ಸಿಕ್ಕಿಸುವ ಬಳೆ ಇರಬೇಕಾದ ಕಡೆ ಚರ್ಮ ಹರಿದಿತ್ತು. ಸವೆದು ಹರಿದದ್ದಲ್ಲ. ಹೊಲಿಗೆಯ ನೂಲು ಎಳೆದು ಕಿತ್ತು ಬಂದಿತ್ತು.

"ಇದನ್ನು ಯಾರೋ ಜಗ್ಗಿದ್ದಾರೆ. ಕೀ ಒಬ್ಬರ ಕೈಯಲ್ಲಿ, ಟ್ಯಾಗ್ ಇನ್ನೊಬ್ಬರ ಕೈಯಲ್ಲಿ. ಹರಿದು ಬಿದ್ದದ್ದು ಎಡಗಡೆಯ ಸೀಟಿನ ಬದಿಗೆ. ಶೋಭಿತ್ ಕೂತದ್ದು ಬಲಗಡೆ. ಒಬ್ಬನೇ ಇದ್ದವ ಯಾರೊಟ್ಟಿಗೆ ಎಳೆದಾಡ್ತಾನೆ ಸ್ನೇಹಕ್ಕ?"

ಸ್ನೇಹಲತಾ ಕಾರಿನ ಬಾಗಿಲನ್ನು ಹಿಡಿದುಕೊಂಡರು. "ಒಬ್ಬನೇ ಇರ್ಲಿಲ್ವಾ?"

"ಅದು ಯಾವ ದಿನ ಹರಿದದ್ದು ಅಂತ ಇನ್ನೂ ಗೊತ್ತಿಲ್ಲ. ಅವ ಹೋಗುವ ಹಿಂದಿನ ದಿನ ಕೀಯಲ್ಲಿ ಇದು ಇತ್ತಾ?"

"ಇತ್ತು. ಹಿಂದಿನ ರಾತ್ರಿ ನಾನೇ ಕೀಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದು. ಈ ಚರ್ಮದ್ದು ಕೈಗೆ ತಾಗಿದ ನೆನಪುಂಟು." ಅವರ ಕಣ್ಣು ತುಂಬಿತು. ದುಃಖವೋ ನಿರಾಳವೋ, ಎರಡೂ ಒಂದರ ಮೇಲೊಂದು ಬಂದಿದ್ದವು. "ಹಾಗಾದ್ರೆ ಅವ ಹಾರಿದ್ದಲ್ಲ. ಅಲ್ವಾ? ಹಾರಿದ್ದಲ್ಲ ಅಂತ ಹೇಳಿ."

"ಹೇಳ್ತೇನೆ. ಆದ್ರೆ ಅದಕ್ಕಿಂತ ದೊಡ್ಡದು ಒಂದುಂಟು. ಕೂತುಕೊಳ್ಳಿ."

ಸ್ನೇಹಲತಾ ಹಳೆಯ ಟೈರಿನ ಮೇಲೆ ಕುಳಿತರು.

"ಈ ಟ್ಯಾಗ್ ಸುಮ್ಮನೆ ಕೂಗುದಿಲ್ಲ. ಯಜಮಾನನ ಫೋನ್ ಹತ್ತಿರ ಇದ್ರೆ ಬಾಯಿ ಮುಚ್ಚಿಕೊಂಡಿರ್ತದೆ. ಫೋನ್ ದೂರ ಹೋಗಿ ಒಂದು ದಿನದ ಹಾಗೆ ಕಳೆದ್ರೆ ಮಾತ್ರ, ಅಲುಗಿದಾಗೆಲ್ಲ ಕೂಗ್ಲಿಕ್ಕೆ ಶುರು. ನನ್ನನ್ನು ಬಿಟ್ಟು ಹೋಗಿದ್ದಾರೆ ಅಂತ ಹೇಳುದು ಅದು. ಈಗ ನೀವೇ ನೋಡಿ. ವಾರ ಇಡೀ ಕೂಗಿದ್ದು ಭಾನುವಾರ ಯಾಕೆ ಸುಮ್ಮನಾಗ್ತದೆ?"

ಸ್ನೇಹಲತಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರು ಎದ್ದೇ ನಿಂತರು.

"ಫೋನ್ ಕೋರೆಯಲ್ಲಿ ಇಲ್ಲ," ಎಂದಳು ಹೇಮಾಕ್ಷಿ. "ಚಾರ್ಜ್ ಮಾಡಿ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಇಲ್ಲ, ಇದ್ದಿದ್ರೆ ದಿನಾ ಕಾರಿನ ಹತ್ತಿರ ಇದ್ದ ಹಾಗೆ, ಇದು ಕೂಗುತ್ತಲೇ ಇರ್ಲಿಲ್ಲ. ಹೊರಗಿಂದ ಬರ್ತದೆ. ಭಾನುವಾರ ಬರ್ತದೆ."

"ಜಯಪಾಲ," ಎಂದರು ತಾಯಿ.

ತಮ್ಮಲೆಗೆ ಹೆದರಿ ಮಗ ಸುಮ್ಮನಾಗುತ್ತಾನೆ ಎಂದು ಆ ಮನೆಯವರೆಲ್ಲ ನಂಬಿದ್ದರು. ನಂಬಿಕೆಯಿಂದ ಕೈಯನ್ನೂ ಮುಗಿಯುತ್ತಿದ್ದರು. ಬೇರೆ ಊರಿನವರಾದರೆ, ಈ ಮನುಷ್ಯ ಬಂದಾಗ ಮಾತ್ರ ಯಾಕೆ ಹೀಗೆ ಎಂದು ಮೊದಲ ವಾರವೇ ಸಂಶಯ ಪಡುತ್ತಿದ್ದರೋ ಏನೋ. ಇಲ್ಲಿ ಸೋದರಮಾವನ ಮೇಲೆ ಯಾರಿಗೆ ಸಂಶಯ ಬರಬೇಕು?

ಅಷ್ಟರಲ್ಲಿ ಗೇಟಿನ ಹೊರಗೆ ಸಣ್ಣ ಕಾರೊಂದು ನಿಂತಿತು.

*

ಜಯಪಾಲ ಒಳಗೆ ಬಂದದ್ದೇ ಸಿಟ್ಟಿನಲ್ಲಿ. ಬಿಳಿ ಪಂಚೆ, ಹಣೆಯಲ್ಲಿ ಗಂಧ. ಬಿಚ್ಚಿಟ್ಟ ಪ್ಯಾನೆಲ್ ಕಂಡು ಅವನ ಮುಖ ಕೆಂಪೇರಿತು.

"ಬೇಡ ಅಂತ ಹೇಳಿದ್ದೆ ಅಲ್ವಾ ರುಡೊಲ್ಫ್? ನಾಳೆ ಒಂದು ದಿನ ಕಾಯ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

"ಜಯಪಾಲಣ್ಣ, ಜೇಬಿನಲ್ಲಿ ಇದ್ದದ್ದನ್ನೆಲ್ಲ ಈ ಬೆಂಚಿನ ಮೇಲೆ ಇಡಿ," ಎಂದಳು ಹೇಮಾಕ್ಷಿ.

"ಎಂತದು?"

"ಜೇಬು. ಕೈಚೀಲ ಇದ್ರೆ ಅದೂ."

"ನೀವು ಯಾರ ಹತ್ತಿರ ಮಾತಾಡ್ತಿದ್ದೀರಿ ಗೊತ್ತುಂಟಾ?"

"ಗೊತ್ತುಂಟು. ಪ್ಯಾನೆಲ್ ಬಿಚ್ಚಲಿಕ್ಕೆ ಬಿಡದವರ ಹತ್ತಿರ."

ಜಯಪಾಲ ಅಕ್ಕನ ಮುಖ ನೋಡಿದ. ಅಕ್ಕ ಬೇರೆ ಕಡೆ ನೋಡುತ್ತಿದ್ದರು. ಅದು ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಜೇಬುಗಳನ್ನು ಹೊರಗೆಳೆದ. ತನ್ನದೇ ಹಳೆಯ ಫೋನು, ಕರ್ಚೀಫು, ಬೀಡಿಗೆ ಬದಲಾಗಿ ಜಗಿಯುವ ಏಲಕ್ಕಿಯ ಡಬ್ಬಿ. ಕಾರಿನ ಕೀಯನ್ನೂ ಕೊಟ್ಟ. ರುಡೊಲ್ಫ್ ಹೋಗಿ ಅವನ ಕಾರಿನ ಸೀಟಿನಡಿಯನ್ನೂ ತಡಕಾಡಿ ಬಂದು ತಲೆಯಾಡಿಸಿದ. ಏನೂ ಇರಲಿಲ್ಲ.

"ಯಾಕೆ ಬಿಚ್ಚಲಿಕ್ಕೆ ಬಿಡ್ಲಿಲ್ಲ?" ಹೇಮಾಕ್ಷಿ ಬಿಡಲಿಲ್ಲ.

ಜಯಪಾಲ ಏಲಕ್ಕಿಯ ಡಬ್ಬಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಅಕ್ಕನಿಗೆ ಉಳಿದದ್ದು ಆ ಶಬ್ದ ಒಂದೇ ಅಲ್ವಾ? ಅದೂ ಯಾವುದೋ ಸ್ಕ್ರೂ ಅಂತ ಆದ್ರೆ ಆಮೇಲೆ ಇವಳು ಎಂತ ಹಿಡಿದುಕೊಂಡು ಬದುಕುದು? ನಾನು ಕುಲೆಯನ್ನು ನಂಬುದಿಲ್ಲ ಹೇಮಾಕ್ಷಿಯವರೇ. ಇವಳಿಗೋಸ್ಕರ ನಂಬಿದ ಹಾಗೆ ಮಾಡಿದೆ."

ಸ್ನೇಹಲತಾ ತಿರುಗಿದರು. ಕೈಯಲ್ಲಿದ್ದ ಬಿಲ್ಲೆ ಅಲುಗಿತು.

ಕಿಣಿ ಕಿಣಿ.

ಜಯಪಾಲ ಎರಡು ಹೆಜ್ಜೆ ದೂರದಲ್ಲಿದ್ದ, ಬಿಲ್ಲೆ ಕೂಗುತ್ತಿತ್ತು. ಹೇಮಾಕ್ಷಿ ಅವನ ರಟ್ಟೆ ಹಿಡಿದು ಕಾರಿನೊಳಗೆ, ಅವನು ಭಾನುವಾರ ಕೂರುವ ಸೀಟಿನಲ್ಲೇ ಕೂರಿಸಿದಳು. ಸ್ನೇಹಲತಾ ಹತ್ತಿರ ಬಂದು ಅಲುಗಿಸಿದರು. ಮತ್ತೆ ಕೂಗಿತು.

"ನೀವಲ್ಲ," ಎಂದಳು ಹೇಮಾಕ್ಷಿ. ಅವಳಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ನಾಚಿಕೆ ಹಿಂದಿನದ್ದಕ್ಕೆ, ಭಯ ಮುಂದಿನದ್ದಕ್ಕೆ. "ತಪ್ಪು ತಿಳೀಬೇಡಿ. ಭಾನುವಾರ ಕಾರಿನಲ್ಲಿ ನಿಮ್ಮೊಟ್ಟಿಗೆ ಬೇರೆ ಯಾರಿರ್ತಾರೆ?"

"ಅಕ್ಕ, ನಾನು. ಬೇರೆ ಯಾರೂ ಇಲ್ಲ." ಜಯಪಾಲ ಕಣ್ಣೊರೆಸಿಕೊಂಡ. "ಸಂಚಿತಾ ಮಾತ್ರ."

ಯಾರೂ ಇಲ್ಲ, ಸಂಚಿತಾ ಮಾತ್ರ. ಹೇಮಾಕ್ಷಿ ಈ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಸಂಚಿತಾ ಶೋಭಿತ್‌ನ ಹೆಂಡತಿ. ಬೊಜ್ಜ ಮುಗಿದ ಮೇಲೆ ತೊಕ್ಕೊಟ್ಟಿನ ತಾಯಿಮನೆಗೆ ಹೊರಟುಹೋಗಿದ್ದಳು. ಭಾನುವಾರ ಜಯಪಾಲ ತನ್ನ ಕಾರಿನಲ್ಲಿ ಅವಳನ್ನೂ ವಾಮಂಜೂರಿಗೆ ಕರೆತರುತ್ತಿದ್ದ. ಹಿಂದಿನ ಸೀಟಿನ ಮೂಲೆಯಲ್ಲಿ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು ಕೂತು, ಮಾತಿಲ್ಲದೆ ಕಡಲಿಗೆ ಹೋಗಿ, ಮಾತಿಲ್ಲದೆ ಮರಳುವ ಹುಡುಗಿ. ಕಾರಿನಲ್ಲಿದ್ದವರನ್ನು ಹೆಸರಿಸುವಾಗ ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಈಗ ಎಲ್ಲಿದ್ದಾಳೆ?"

"ಇಲ್ಲೇ. ಬಲ್ಮಠದ ಕಾಲೇಜಿನಲ್ಲಿ ಪಾಠ ಮಾಡ್ತಾಳಲ್ಲ. ಕ್ಲಾಸು ಮುಗಿದಿರಬೇಕು."

"ಬರ್ಲಿಕ್ಕೆ ಹೇಳಿ. ಕಾರನ್ನು ಕೊನೆಗೊಮ್ಮೆ ನೋಡ್ಲಿಕ್ಕೆ ಅಂತ ಹೇಳಿ, ಬೇರೆ ಎಂತದೂ ಬೇಡ."

*

ಕಾಯುವ ಹೊತ್ತಿನಲ್ಲಿ ಹೇಮಾಕ್ಷಿ ಪ್ಯಾನೆಲನ್ನು ಮೊದಲಿನಂತೆ ಕೂರಿಸಲು ಹೇಳಿದಳು. ರುಡೊಲ್ಫ್ ಬಡಿದು ಕೂರಿಸಿದ. ಕಾರಿನಲ್ಲಿ ಯಾರೂ ಕೈಯಾಡಿಸಿದ ಗುರುತೇ ಇಲ್ಲದಂತಾಯಿತು.

ಸ್ನೇಹಲತಾ ಟೈರಿನ ಮೇಲೆ ಕುಳಿತು ಬಿಲ್ಲೆಯನ್ನು ಅಂಗೈಯಲ್ಲಿ ಮೆಲ್ಲಗೆ ಆಡಿಸುತ್ತಿದ್ದರು. ಆಡಿಸಿದಾಗೆಲ್ಲ ಅದು ಉತ್ತರ ಕೊಡುತ್ತಿತ್ತು. ಮಿಷನು ಎಂದು ಗೊತ್ತಾದ ಮೇಲೂ ಅವರು ಬಿಡಲಿಲ್ಲ. ಮಗನ ನಂಬರು ಹೊತ್ತ ಮಿಷನು ತಾನೇ.

ಕಿಣಿ ಕಿಣಿ.

"ಹೇಳು ಮಗಾ," ಎಂದರು.

ಕಿಣಿ ಕಿಣಿ.

ಆಮೇಲೆ ಆಡಿಸಿದಾಗ ಕೂಗಲಿಲ್ಲ.

ಅವರು ಜೋರಾಗಿ ಅಲುಗಿಸಿದರು. ಕೂಗಲಿಲ್ಲ. ಕಿವಿಗೆ ಹಿಡಿದರು, ಎರಡು ಕೈಯಲ್ಲಿ ಮುಚ್ಚಿ ಕುಲುಕಿದರು. ಬಿಲ್ಲೆ ಸತ್ತಂತೆ ಸುಮ್ಮನಿತ್ತು. ಹೇಮಾಕ್ಷಿ ತಲೆಯೆತ್ತಿ ಗೇಟಿನ ಕಡೆ ನೋಡಿದಳು.

ತಿಳಿನೀಲಿ ಕಾಟನ್ ಸೀರೆಯುಟ್ಟ ಸಂಚಿತಾ ಕೊಡೆ ಮಡಿಸುತ್ತಾ ನಿಂತಿದ್ದಳು. ಹೆಗಲಲ್ಲಿ ಅದೇ ಬ್ಯಾಗು. ಅತ್ತೆಯ ಅಂಗೈಯಲ್ಲಿದ್ದ ವಸ್ತುವನ್ನು ಕಂಡು ಅವಳ ಕಾಲು ಅಲ್ಲೇ ನಿಂತಿತು. ಚರ್ಮದ ಆ ಕವಚವನ್ನು ಗಂಡನಿಗೆ ಕೊಟ್ಟವಳು ಅವಳೇ ಇರಬೇಕು, ನೋಡಿದ ರೀತಿಯೇ ಹೇಳುತ್ತಿತ್ತು.

"ಬಾ ಸಂಚಿತಾ," ಎಂದಳು ಹೇಮಾಕ್ಷಿ ಮೃದುವಾಗಿ. "ಬ್ಯಾಗಿನಲ್ಲಿ ಇರುವುದನ್ನು ಅತ್ತೆಗೆ ಕೊಡು. ಇಷ್ಟು ದಿನ ಒಬ್ಬಳೇ ಹೊತ್ತದ್ದು ಸಾಕು."

ಅಳುತ್ತಾಳೆ, ಓಡುತ್ತಾಳೆ, ಇಲ್ಲವೆನ್ನುತ್ತಾಳೆ ಎಂದು ಹೇಮಾಕ್ಷಿ ಎಣಿಸಿದ್ದಳು. ಸಂಚಿತಾ ಯಾವುದನ್ನೂ ಮಾಡಲಿಲ್ಲ. ಬ್ಯಾಗಿನ ಒಳಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ ಫೋನನ್ನು ತೆಗೆದು ಅತ್ತೆಯ ಮಡಿಲಲ್ಲಿಟ್ಟಳು. ಪರದೆ ಬೆಳಗಿತು. ಶೋಭಿತ್ ನಗುತ್ತಿದ್ದ.

ತಾಯಿಯ ಬಾಯಿಂದ ಹೊರಟದ್ದು ಮಾತಲ್ಲ. ಜಯಪಾಲ ಗೋಡೆಯ ಕಡೆ ತಿರುಗಿ ನಿಂತ.

"ನಿನ್ನ ಕೈಗೆ ಹೇಗೆ ಬಂತು ಇದು?" ಸ್ನೇಹಲತಾ ಕಡೆಗೂ ಕೇಳಿದರು. "ಅವನೊಟ್ಟಿಗೆ ನೀನಿದ್ದೆಯಾ?"

"ಇಲ್ಲ ಅತ್ತೆ. ನಾನು ಮನೆಯಲ್ಲಿದ್ದೆ. ನೀವು ಜಗಲಿಯಲ್ಲಿ ಹೂ ಕಟ್ಟುತ್ತಿದ್ರಿ." ಸಂಚಿತಾಳ ದನಿ ಪಾಠ ಒಪ್ಪಿಸುವವಳಂತೆ ಸಪಾಟಾಗಿತ್ತು. ತನ್ನಷ್ಟಕ್ಕೆ ಅದೆಷ್ಟು ಸಲ ಹೇಳಿಕೊಂಡಿದ್ದಳೋ. "ಸಂಜೆ ಒಗೀಲಿಕ್ಕೆ ಬಟ್ಟೆ ಹಾಕುವಾಗ ಸಿಕ್ಕಿತು. ಪ್ಯಾಂಟಿನ ಜೇಬಿನಲ್ಲಿ. ಆಗ ಇನ್ನೂ ಅವರು ಸಿಕ್ಕಿರಲಿಲ್ಲ. ಎಲ್ಲರೂ ಅವರಿಗೆ ಫೋನ್ ಮಾಡ್ತಾ ಇದ್ರಿ, ಸ್ವಿಚ್ ಆಫ್ ಅಂತ ಬರ್ತಿತ್ತು. ಅವರು ಮನೆಗೆ ಬರಲಿಲ್ಲ, ಅವರ ಫೋನ್ ಬಂದಿತ್ತು."

"ಯಾರ ಪ್ಯಾಂಟು?" ಕೇಳಿದ್ದು ಹೇಮಾಕ್ಷಿ.

"ಕಾಲಿನ ಹತ್ತಿರ ಇಡೀ ಕೆಂಪು ಮಣ್ಣಿತ್ತು."

"ಸಂಚಿತಾ. ಯಾರ ಪ್ಯಾಂಟು?"

ಸಂಚಿತಾ ಅತ್ತೆಯ ಎದುರು ಮಂಡಿಯೂರಿ ಕುಳಿತು ಅವರ ಎರಡೂ ಕೈ ಹಿಡಿದುಕೊಂಡಳು. "ಹೆಸರು ಹೇಳಿದ್ರೆ ನಿಮಗೆ ಆ ಮನೆಯಲ್ಲಿ ಒಂದು ರಾತ್ರಿ ಕಳೀಲಿಕ್ಕೆ ಆಗುದಿಲ್ಲ ಅತ್ತೆ. ಅದಕ್ಕೇ ನಾನು ಹೇಳದೆ ಹೊರಟುಹೋದದ್ದು. ಸಿಮ್ ತೆಗೆದು, ಅವರ ಮುಖ ನೋಡ್ಲಿಕ್ಕೆ ಮಾತ್ರ ಫೋನನ್ನು ಚಾರ್ಜ್ ಮಾಡಿ ಇಟ್ಟುಕೊಂಡೆ."

ಸ್ನೇಹಲತಾ ಸೊಸೆಯ ಮುಖವನ್ನೇ ನೋಡಿದರು. ಆ ದಿನ ಆ ಮನೆಯಲ್ಲಿ, ಮಗನನ್ನು ಬಿಟ್ಟರೆ, ಪ್ಯಾಂಟು ತೊಡುವ ಗಂಡಸು ಯಾರಿದ್ದರು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊರಗೆ ರಸ್ತೆಯಲ್ಲಿ ದೊಡ್ಡ ಗಾಡಿಯೊಂದು ಹಿಂದಕ್ಕೆ ಬರುವ ಪೀಂ ಪೀಂ ಕೇಳಿಸಿತು. ಕಾರು ಎತ್ತಿ ಒಯ್ಯುವ ಗುಜರಿಯವರ ಲಾರಿ. ಅದರ ಪಕ್ಕದಲ್ಲಿ ಬಿಳಿ ಅಂಗಿಯ ಉದ್ದನೆಯ ಮನುಷ್ಯರೊಬ್ಬರು ನಡೆದುಬರುತ್ತಿದ್ದರು.

ಚಿತ್ತರಂಜನ ಶೆಟ್ಟರು. ಆಟಿ ಮುಗಿಯಲು ಇನ್ನೂ ಒಂದು ರಾತ್ರಿ ಬಾಕಿಯಿತ್ತು. ಪದ್ಧತಿ ಮುರಿದು ಒಂದು ಎಲೆ ಅಡಿಕೆಯನ್ನೂ ಕೊಟ್ಟು ತೆಗೆಯದ ಮನುಷ್ಯ ಇಂದು ಲಾರಿಯನ್ನೇ ಕರೆದುಕೊಂಡು ಬಂದಿದ್ದರು.

ಅವರು ಗೇಟಿನಲ್ಲೇ ನಿಂತರು. ಒಳಗೆ ಬರಲಿಲ್ಲ.

"ಕಾರು ಇಲ್ಲುಂಟು ಅಂತ ಮನೆಯಲ್ಲಿ ಕೆಲಸದವರು ಹೇಳಿದ್ರು," ಎಂದರು. "ನಾಳೆ ಲಾರಿ ಸಿಗುದಿಲ್ಲವಂತೆ. ಇವತ್ತೇ ಕೊಂಡೋಗಲಿ."

ಹೇಮಾಕ್ಷಿ ಬಾಯಿ ತೆರೆಯುವ ಮೊದಲೇ ಸ್ನೇಹಲತಾ ಎದ್ದರು. ಫೋನು ಸೆರಗಿನೊಳಗೆ ಹೋಗಿತ್ತು, ಬಿಲ್ಲೆ ಮುಷ್ಟಿಯೊಳಗೆ. ಮುಖದಲ್ಲಿ ಅಳುವಿನ ಗುರುತೂ ಇರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನನ್ನು ಅವರು ಮೊದಲ ಸಲ ನೋಡುವವರಂತೆ ನೋಡಿದರು.

"ಕೊಂಡೋಗಲಿ," ಎಂದರು ಸಹಜವಾಗಿ. "ಶಬ್ದ ಎಲ್ಲಿಂದ ಬರ್ತದೆ ಅಂತ ಹೇಮಾಕ್ಷಿಯವರಿಗೆ ಗೊತ್ತಾಯಿತಂತೆ."

ಯಾರಾದರೂ ಆಗಲಿ, ಎಲ್ಲಿ ಎಂದು ಕೇಳುತ್ತಿದ್ದರು. ಏನು ಎಂದಾದರೂ ಕೇಳುತ್ತಿದ್ದರು. ಚಿತ್ತರಂಜನ ಶೆಟ್ಟರು ಕೇಳಲಿಲ್ಲ. ಅವರ ಕಣ್ಣು ಹೆಂಡತಿಯನ್ನು ದಾಟಿ, ಹೇಮಾಕ್ಷಿಯನ್ನು ದಾಟಿ, ಕಾರಿನ ತೆರೆದ ಬಾಗಿಲೊಳಗೆ ಹೋಗಿ, ಎಡಗಡೆಯ ಸೀಟಿನ ಪಕ್ಕದಲ್ಲಿ ಬೆಲ್ಟ್ ಒಳಹೋಗುವ ಆ ಸೀಳಿನ ಮೇಲೆ ನಿಂತಿತು.

ಅದನ್ನು ಹೇಮಾಕ್ಷಿ ನೋಡಿದಳು. ಸ್ನೇಹಲತಾರೂ ನೋಡಿದರು.